ಓದುಗರ ಪ್ರಶ್ನೆ: ಇಬ್ಬರು ಗೆಳೆಯರು, ಒಂದು ಬೀಟ್, ಸ್ವಂತ ದುಡ್ಡಿನ ಸಿನಿಮಾ

ಈ ಸಲ ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ದವು. ಸ್ಟುಡಿಯೊ ಇಲ್ಲದೆ, ನಿರ್ಮಾಪಕರಿಲ್ಲದೆ, ರ‍್ಯಾಪ್ ಕಟ್ಟುವ ಹುಡುಗ ಹುಡುಗಿಯರ ಗೆಳೆತನವನ್ನು ಸಿನಿಮಾ ಮಾಡುವುದು ಹೇಗೆ ಎಂದು ಕೇಳಿದ್ದಾರೆ. ಚಿತ್ರಕಥೆ, ಧ್ವನಿ, ಸಂಕಲನ ಬಲ್ಲವರು ಕೂಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಇಪ್ಪತ್ತು ನಿಮಿಷದ ಚಿತ್ರ. ಗೆಳೆಯರಲ್ಲಿ ಒಬ್ಬ ಕನ್ನಡದಲ್ಲಿ ಸಾಲು ಬರೆಯುತ್ತಾನೆ, ಇನ್ನೊಬ್ಬ ಬೀಟ್, ಅಂದರೆ ಸಾಲುಗಳ ಹಿಂದಿನ ತಾಳ–ಸಂಗೀತ, ಮಾಡುತ್ತಾನೆ. ಜಗಳ, ರಾಜಿ, ಕೊನೆಗೆ ಸ್ಪರ್ಧೆಯಲ್ಲಿ ಗೆಲುವು. ಓದಿದವರೆಲ್ಲ ‘ಇದನ್ನು ನೋಡಿದ್ದೇವಲ್ಲ’ ಅನ್ನುತ್ತಾರೆ. ಎಲ್ಲಿ ತಿದ್ದಬೇಕು?
(ಡೊಂಬಿವಲಿ)

ಉತ್ತರ: ಸ್ಪರ್ಧೆಯನ್ನು ತೆಗೆದುಬಿಡಿ. ಅದಿದ್ದರೆ ನೋಡುವವರು ಗೆಲ್ಲುತ್ತಾರೋ ಸೋಲುತ್ತಾರೋ ಎಂದು ಕಾಯುತ್ತಾರೆ, ಇಬ್ಬರ ನಡುವೆ ನಡೆಯುತ್ತಿರುವುದು ಅವರಿಗೆ ಕಾಣುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಒಂದು ಹಾಡು ಮುಗಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಸಾಕು.

ಗೆಳೆತನ ಕಾಣಬೇಕಾದದ್ದು ಕೆಲಸದಲ್ಲಿ. ಬೀಟ್ ಮಾಡುವವನು ‘ಈ ಸಾಲಲ್ಲಿ ಎರಡು ಅಕ್ಷರ ಜಾಸ್ತಿ, ತೆಗಿ’ ಅನ್ನುತ್ತಾನೆ. ಆ ಸಾಲು ಬರೆದವನ ಅಮ್ಮನ ಬಗ್ಗೆ ಇದ್ದರೆ ಅಲ್ಲಿ ದೃಶ್ಯ ಹುಟ್ಟಿತು. ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಯಾರು ಹಾಡುವುದು, ಅಪ್‌ಲೋಡ್ ಮಾಡುವಾಗ ಯಾರ ಹೆಸರು ಮೊದಲು, ಲ್ಯಾಪ್‌ಟಾಪ್ ಯಾರ ಮನೆಯಲ್ಲಿ ಇರಬೇಕು, ಐರೋಲಿಯಲ್ಲಿ ರಾತ್ರಿ ಪಾಳಿ ಹಿಡಿದವನಿಗಾಗಿ ರೆಕಾರ್ಡಿಂಗ್ ಎಷ್ಟು ದಿನ ಮುಂದೂಡುವುದು: ಈ ವಯಸ್ಸಿನ ಗೆಳೆತನಗಳು ಬಿರುಕು ಬಿಡುವುದು ಇಂಥಲ್ಲಿ. ಊರೆಲ್ಲ ಕೇಳುವ ಹಾಗೆ ಕೂಗಾಡಿದರೆ ಮಾತ್ರ ಜಗಳ ಎಂದು ತಿಳಿಯಬೇಡಿ.

ಒಂದು ಉಪಾಯ. ಅದೇ ನಾಲ್ಕು ಬಾರ್‌ಗಳನ್ನು (ಬಾರ್ ಎಂದರೆ ತಾಳದ ಒಂದು ಸುತ್ತು) ಚಿತ್ರದಲ್ಲಿ ಮೂರು ಸಲ ಕೇಳಿಸಿ. ಮೊದಲ ಸಲ ಲೋಕಲ್‌ನಲ್ಲಿ ನಿಂತು ಫೋನಿನಲ್ಲಿ ಗೀಚಿದ ಹರಕು ರೂಪ. ಎರಡನೆಯ ಸಲ ಬೀಟ್ ಮಾಡುವವನು ಅದನ್ನು ತಪ್ಪಾಗಿ ಗುನುಗುತ್ತಾನೆ, ಆ ತಪ್ಪೇ ಚೆನ್ನಾಗಿದೆ. ಮೂರನೆಯ ಸಲ ಮೈಕಿನ ಮುಂದೆ, ಒಂದು ಪದ ಬದಲಾಗಿದೆ. ಯಾರು ಬದಲಿಸಿದರು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನೋಡಿದವರಿಗೆ ಗೊತ್ತಿರುತ್ತದೆ.

ಇನ್ನು ಲೆಕ್ಕ. ನಿಮಿಷಕ್ಕೆ 90 ಹೊಡೆತದ ಬೀಟ್‌ನಲ್ಲಿ ನಾಲ್ಕು ಹೊಡೆತದ ಒಂದು ಬಾರ್‌ಗೆ 2.67 ಸೆಕೆಂಡು. 16 ಬಾರ್‌ನ ಒಂದು ವರ್ಸ್ (ಚರಣ) ಸುಮಾರು 43 ಸೆಕೆಂಡು. ಎರಡು ವರ್ಸ್, ಎಂಟು ಬಾರ್‌ನ ಹುಕ್ ಎರಡು ಸಲ ಎಂದರೆ ಎರಡು ನಿಮಿಷ ದಾಟಿತು. ಇಡೀ ಹಾಡಿಗೆ ಒಂದೇ ಸಲ ಜಾಗ ಕೊಡಿ, ಉಳಿದೆಡೆ ಎರಡು ನಾಲ್ಕು ಬಾರ್ ಸಾಕು. ಚಿತ್ರಕಥೆಯಲ್ಲಿ ‘ಇಲ್ಲಿ ಅವನು ರ‍್ಯಾಪ್ ಮಾಡುತ್ತಾನೆ’ ಎಂದು ಬರೆದು ಮುಂದೆ ಹೋಗಲೇಬೇಡಿ. ಸಾಲುಗಳನ್ನು ಅಲ್ಲೇ, ಸಂಭಾಷಣೆ ಬರೆಯುವ ಹಾಗೆ ಬರೆಯಿರಿ. ಅವು ಆಮೇಲೆ ಬಂದರೆ ಪಾತ್ರಕ್ಕೆ ಅಂಟುವುದಿಲ್ಲ. ಆ ಪಾತ್ರ ಎಂದೂ ಆಡದ ಮಾತುಗಳು ಹಾಡಿನೊಳಗೆ ಬಂದು ಕೂತಿರುತ್ತವೆ.

ಪ್ರಶ್ನೆ: ಹಿಂದಿಯಲ್ಲಿ ಬರೆದರೆ ಬೀಟ್‌ಗೆ ಕೂರುತ್ತದೆ, ಕನ್ನಡದಲ್ಲಿ ಬರೆದರೆ ಭಾಷಣದ ಹಾಗಾಗುತ್ತದೆ. ನಮ್ಮ ಪದಗಳೇ ಉದ್ದವೇ?
(ಮಾಟುಂಗಾ)

ಉತ್ತರ: ಪದದ ಉದ್ದ ಅಡ್ಡಿಯಲ್ಲ. ನೀವು ಅಕ್ಷರ ಎಣಿಸುತ್ತಿದ್ದೀರಿ, ಎಣಿಸಬೇಕಾದದ್ದು ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು. ದೀರ್ಘ ಸ್ವರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ವ್ಯಂಜನದಲ್ಲಿ ನಿಲ್ಲುವ ಅಕ್ಷರ ಇವೆಲ್ಲ ಗುರು. ಹಾಗಾಗಿ ‘ಸ್ಟೇಷನ್’ ನಾಲ್ಕು ಮಾತ್ರೆ, ‘ಪ್ಲಾಟ್‌ಫಾರ್ಮ್’ ಕೂಡ ನಾಲ್ಕೇ.

ಈಗ ಬೀಟ್ ಕಡೆ ಬನ್ನಿ. ಒಂದು ಬಾರ್‌ನ ನಾಲ್ಕು ಹೊಡೆತಗಳಲ್ಲಿ ಒಂದೊಂದನ್ನೂ ನಾಲ್ಕಾಗಿ ಸೀಳಿದರೆ 16 ಮನೆ. ಬೀಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಕಾಣುವ ಚೌಕಗಳೂ ಇವೇ. ಮನೆಗೊಂದು ಮಾತ್ರೆ ಇಡಿ. ಮಂದಾನಿಲ ರಗಳೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ಒಂದು ಸಾಲಿಗೆ ಸರಿಯಾಗಿ ಒಂದು ಬಾರ್. ಮಾದರಿಗೆ ಕಟ್ಟಿದ ಎರಡು ಸಾಲು:

ಹತ್ತಿದೆ / ಲೋಕಲು / ಹತ್ತರ / ಹೊತ್ತಿಗೆ
ಎತ್ತಿದ / ಕೈಗಳ / ನಡುವಲಿ / ಉಸಿರಿದೆ

ಮೊದಲ ಸಾಲಿನಲ್ಲಿ ಪ್ರತಿ ಗಣವೂ ಗುರುವಿನಿಂದ ಶುರುವಾಗುತ್ತದೆ, ಗುರು ಹೊಡೆತದ ಮೇಲೇ ಬೀಳುತ್ತದೆ. ಎರಡನೆಯ ಸಾಲಿನ ಕೊನೆಯ ಎರಡು ಗಣ ಬರೀ ಲಘು, ಎಂಟು ಅಕ್ಷರ ಬಿಡುವಿಲ್ಲದೆ ಓಡುತ್ತವೆ. ನಿಧಾನ, ಓಟ ಎರಡೂ ಹೀಗೆ ಸಾಲಿನೊಳಗೇ ಸಿಗುತ್ತವೆ. ಎರಡೂ ಸಾಲಿನ ಎರಡನೆಯ ಅಕ್ಷರ ‘ತ್ತಿ’. ಹಳೆಯ ಕವಿಗಳ ಆದಿಪ್ರಾಸ ರ‍್ಯಾಪ್‌ಗೆ ಹೇಳಿ ಮಾಡಿಸಿದ್ದು, ಯಾಕೆಂದರೆ ಅದು ಬಾರ್‌ನ ಬಾಗಿಲಲ್ಲೇ ಕಿವಿಗೆ ಬೀಳುತ್ತದೆ.

ಆದರೆ ಹದಿನಾರು ಬಾರ್‌ನಲ್ಲೂ 4+4+4+4 ಹೊಡೆದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ. ಆಗ ಭಾಮಿನಿ ಷಟ್ಪದಿಯ ನಡೆಗೆ ಹೊರಳಿ. ಕುಮಾರವ್ಯಾಸ ತನ್ನ ಭಾರತವನ್ನು ಹೇಳಿದ್ದು ಅದರಲ್ಲೇ. ಸಣ್ಣ ಸಾಲು 3+4+3+4, ಅಂದರೆ 14 ಮಾತ್ರೆ. 16 ಮನೆಯಲ್ಲಿ ಎರಡು ಉಳಿಯುತ್ತವೆ, ಉಸಿರು ಎಳೆದುಕೊಳ್ಳಲು ಅಷ್ಟು ಬೇಕೇ ಬೇಕು. ಎರಡನೆಯ ಗಣ ಹೊಡೆತಕ್ಕಿಂತ ಒಂದು ಮನೆ ಮೊದಲೇ ಶುರುವಾಗುತ್ತದೆ, ಮೂರನೆಯದೂ ಹಾಗೆಯೇ, ನಾಲ್ಕನೆಯದು ಎರಡು ಮನೆ ಮೊದಲು. ಮಾತು ಬೀಟ್‌ನ ಮುಂದೆ ಮುಂದೆ ಜಾರುವ ಈ ನಡೆಗೆ ಬಹಳ ಹುಡುಗರು ಪರದಾಡುತ್ತಾರೆ, ನಮ್ಮಲ್ಲಿ ಅದು ಛಂದಸ್ಸಿನಲ್ಲೇ ಇದೆ. ಎಂಟು ಬಾರ್ ಮಂದಾನಿಲ, ನಾಲ್ಕು ಬಾರ್ ಭಾಮಿನಿ, ಮತ್ತೆ ನಾಲ್ಕು ಮಂದಾನಿಲ ಮಾಡಿ ನೋಡಿ.

ವೇಗದ ಮಾತು. 90ರ ಬೀಟ್‌ನಲ್ಲಿ ಒಂದು ಮನೆಗೆ 0.17 ಸೆಕೆಂಡು, ಅಂದರೆ ಸೆಕೆಂಡಿಗೆ ಆರು ಲಘು. ನಾಲಿಗೆಗೆ ಕಷ್ಟವಿಲ್ಲ. 140ರ ಟ್ರ್ಯಾಪ್ ಬೀಟ್‌ನಲ್ಲಿ ಅದು ಒಂಬತ್ತನ್ನು ದಾಟುತ್ತದೆ, ಒತ್ತಕ್ಷರಗಳು ಮುರಿದು ಬೀಳುತ್ತವೆ. ಅಲ್ಲಿ ಎರಡು ಮನೆಗೆ ಒಂದು ಮಾತ್ರೆ ಇಟ್ಟು, ಒಂದು ಸಾಲನ್ನು ಎರಡು ಬಾರ್‌ಗೆ ಹರಡಿ.

ಭಾಷಣದ ಹಾಗೆ ಕೇಳುವುದಕ್ಕೆ ಇನ್ನೊಂದು ಕಾರಣ ಕ್ರಿಯಾಪದ. ಪ್ರತಿ ಸಾಲೂ ‘-ತೀನಿ’, ‘-ತಾನೆ’ ಎಂದು ಮುಗಿದರೆ ಅದು ಪ್ರಾಸವಲ್ಲ, ವ್ಯಾಕರಣ. ಆಡುಮಾತಿನ ಹಾಗೆ ಕ್ರಿಯಾಪದವನ್ನು ಮುಂದಕ್ಕೆ ತನ್ನಿ: ‘ಬಂದ ನೋಡು ಅವನು’. ವಿಭಕ್ತಿ ಪ್ರತ್ಯಯವನ್ನಷ್ಟೇ ಪ್ರಾಸ ಮಾಡಬೇಡಿ. ‘ಮನೆಯಲ್ಲಿ–ಊರಲ್ಲಿ’ ಸಪ್ಪೆ, ‘ಮನೆಯಲ್ಲಿ–ಕೊನೆಯಲ್ಲಿ’ ಗಟ್ಟಿ. ಪ್ರತ್ಯಯದ ಹಿಂದಿನ ಅಕ್ಷರದಿಂದಲೇ ಪ್ರಾಸ ಶುರುವಾಗಬೇಕು. ಮಾಟುಂಗಾದ ಹುಡುಗ ತುಳು, ಮರಾಠಿ, ಹಿಂದಿ ಬೆರೆಸಿ ಮಾತಾಡುವವನಾದರೆ ಹಾಗೆಯೇ ಬೆರೆಸಲಿ, ಬೆಂಗಳೂರಿನ ಕನ್ನಡವನ್ನು ಅವನ ಬಾಯಿಗೆ ತುರುಕಬೇಡಿ.

ಪ್ರಶ್ನೆ: ಹಾಸ್ಟೆಲ್ ಖೋಲಿಯಲ್ಲಿ ಧ್ವನಿಮುದ್ರಣ ಮಾಡುತ್ತಿದ್ದೇವೆ. ಡಬ್ಬದೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೂ ಉಪಯೋಗವಿಲ್ಲ.
(ಪುಣೆ)

ಉತ್ತರ: ಮೊಟ್ಟೆಯ ಟ್ರೇ ತೆಳು, ಹಗುರ. ಮನುಷ್ಯನ ಧ್ವನಿಯ ತೂಕವಿರುವ ಭಾಗವನ್ನು ಅದು ಹೀರುವುದಿಲ್ಲ. ದಪ್ಪ ಗಾದಿ ಬೇಕು, ಅದೂ ಹಾಡುವವರ ಬೆನ್ನ ಹಿಂದೆ. ಹೆಚ್ಚಿನವರು ಮೈಕಿನ ಹಿಂದಿನ ಗೋಡೆಗೆ ಕಟ್ಟುತ್ತಾರೆ. ಮೈಕಿನ ಮುಖ ಇರುವುದು ಹಾಡುವವರ ಕಡೆಗೆ, ಅವರ ಹಿಂದಿನ ಗೋಡೆಗೆ ಬಡಿದು ಬರುವ ಸದ್ದು ನೇರ ಅದರೊಳಗೆ ಹೋಗುತ್ತದೆ. ಗಾದಿ, ಎರಡು ಮಡಿಕೆ ರಜಾಯಿ, ಬಟ್ಟೆ ತುಂಬಿ ಬಾಗಿಲು ತೆರೆದಿಟ್ಟ ಕಪಾಟು, ಇಷ್ಟರಿಂದಲೇ ಬಹಳ ವ್ಯತ್ಯಾಸ ಆಗುತ್ತದೆ.

ಫ್ಯಾನು, ಕುಕ್ಕರ್, ರಿಕ್ಷಾ ಸದ್ದಿನ ನಡುವೆ ಕಂಡೆನ್ಸರ್ ಮೈಕಿಗಿಂತ ಡೈನಾಮಿಕ್ ಮೈಕ್ ಮೇಲು. ಬಾಯಿಂದ 5–8 ಸೆಂಟಿಮೀಟರ್ ಹತ್ತಿರ ಹಿಡಿದರೆ ದೂರದ ಸದ್ದು ಕಮ್ಮಿಯಾಗುತ್ತದೆ. ಅದಕ್ಕೆ ಗೇನ್ (ಸದ್ದನ್ನು ಹಿಗ್ಗಿಸುವ ಶಕ್ತಿ) ಹೆಚ್ಚು ಬೇಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಕೊಳ್ಳುವಾಗ ನೋಡಿಕೊಳ್ಳಿ. ಕಂಡೆನ್ಸರ್ ಇದ್ದರೆ ಇಂಟರ್‌ಫೇಸ್‌ನಿಂದ ಮೈಕಿಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಹಾಕಿ, 15–20 ಸೆಂಟಿಮೀಟರ್ ದೂರ ನಿಂತು ನಡುವೆ ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ) ಇಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ, ಅತಿ ಜೋರಿನ ಮಾತು ಮೈನಸ್ 6 ಡೆಸಿಬೆಲ್ ಮೀರದಿರಲಿ. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದೇ ಬೇಕು, ಇಲ್ಲದಿದ್ದರೆ ಬೀಟ್ ಮೈಕಿಗೆ ಸೋರುತ್ತದೆ.

ಸಿನಿಮಾಕ್ಕೆ ಮಾತ್ರ ಸಂಬಂಧಿಸಿದ ಎಚ್ಚರಿಕೆ ಒಂದಿದೆ. ಹಾಡಿಗಾದರೆ ಎರಡೆರಡು ಸಾಲು ಬೇರೆ ಬೇರೆ ಮುದ್ರಿಸಿ ಜೋಡಿಸಬಹುದು. ಹಾಗೆ ಜೋಡಿಸಿದ ವರ್ಸ್‌ನಲ್ಲಿ ಉಸಿರಿಗೆ ಜಾಗವೇ ಇರುವುದಿಲ್ಲ. ಕ್ಯಾಮೆರಾ ಮುಂದೆ ನಿಂತಾಗ ನಟನ ಎದೆ ಏರಿಳಿಯುತ್ತದೆ, ಧ್ವನಿಯಲ್ಲಿ ಉಸಿರಿಲ್ಲ, ಸುಳ್ಳು ಎಂದು ತಕ್ಷಣ ಗೊತ್ತಾಗುತ್ತದೆ. ಚಿತ್ರದ ವರ್ಸ್ ಅನ್ನು ಒಂದೇ ಓಟದಲ್ಲಿ ಮುದ್ರಿಸಿ. ಆಗದಿದ್ದರೆ ಸಾಲು ಕಡಿಮೆ ಮಾಡಿ. ಸಾಲಿನ ಕೊನೆಯ ಪ್ರಾಸಪದಗಳನ್ನಷ್ಟೇ ಇನ್ನೊಮ್ಮೆ ಮುದ್ರಿಸಿ, 6–10 ಡೆಸಿಬೆಲ್ ತಗ್ಗಿಸಿ ಕೆಳಗಿಟ್ಟರೆ ಪದಗಳಿಗೆ ಒತ್ತು ಬರುತ್ತದೆ.

ಪ್ರಶ್ನೆ: ವಡಾಳಾದಲ್ಲಿ ಮೇಲ್ಸೇತುವೆಯ ಕೆಳಗೆ ಆರು ಜನ ಸುತ್ತ ನಿಂತು ಸರದಿಯಂತೆ ರ‍್ಯಾಪ್ ಮಾಡುವ ಸೈಫರ್ ದೃಶ್ಯ. ಸ್ಪೀಕರ್‌ನಲ್ಲಿ ಬೀಟ್ ಹಾಕಿ ಫೋನ್‌ಗಳಲ್ಲಿ ತೆಗೆದೆವು. ಪ್ರತಿ ಕಟ್‌ನಲ್ಲೂ ಬೀಟ್ ಎಗರುತ್ತದೆ, ಕೆಲವು ಕಡೆ ತುಟಿ ಮಾತಿಗೆ ಹೊಂದುವುದಿಲ್ಲ.
(ನವಿ ಮುಂಬಯಿ)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು.

ಬೀಟ್ ಎಗರುವುದು ಯಾಕೆಂದರೆ ಅದು ಮಾತಿನ ಜೊತೆ ಒಂದೇ ಮೈಕಿನಲ್ಲಿ ಸೇರಿದೆ. ಮಾತು ಕತ್ತರಿಸಿದರೆ ಬೀಟ್ ಕೂಡ ಕತ್ತರಿಸುತ್ತದೆ. ಬೀಟ್ ಹಾಡುವವರ ಕಿವಿಯಲ್ಲಿ ಮಾತ್ರ ಇರಬೇಕು. ಕ್ಯಾಮೆರಾಕ್ಕೆ ಕಾಣದ ಕಿವಿಗೆ ಒಂದು ಇಯರ್‌ಫೋನ್ ಸಿಕ್ಕಿಸಿ, ತಂತಿಯನ್ನು ಅಂಗಿಯೊಳಗೆ ಇಳಿಸಿ. ಆರು ಜನರಿಗೂ ಅದು ಆಗದಿದ್ದರೆ ಸಿನಿಮಾದವರ ಹಳೆಯ ಉಪಾಯವಿದೆ: ಬೀಟ್‌ನ ಹೊಡೆತಗಳನ್ನಷ್ಟೇ 40 ಹರ್ಟ್ಸ್‌ನ ಗುಡುಗಾಗಿ ಮಾಡಿ ಸಬ್‌ವೂಫರ್‌ನಲ್ಲಿ ನುಡಿಸುವುದು. ಎಲ್ಲರಿಗೂ ತಾಳ ಸಿಗುತ್ತದೆ, ಆಮೇಲೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿದರೆ ಮಾತು ಮಾತ್ರ ಉಳಿಯುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಸ್ಪೀಕರ್‌ನಿಂದ 40 ಹರ್ಟ್ಸ್ ಹೊರಡುವುದೇ ಇಲ್ಲ, ಸಬ್‌ವೂಫರ್ ಬಾಡಿಗೆಗೆ ತರಬೇಕು.

ತುಟಿಯ ವಿಷಯ. ವರ್ಸ್‌ನ ಮೊದಲ ಪದ ಮತ್ತು ಕೊನೆಯ ಪದ ನೋಡಿ. ಎರಡೂ ಕಡೆ ಒಂದೇ ಅಳತೆಯ ವ್ಯತ್ಯಾಸವಿದ್ದರೆ ಧ್ವನಿಯನ್ನು ಸರಿಸಿದರೆ ಮುಗಿಯಿತು. ಹೋಗುತ್ತ ಹೋಗುತ್ತ ವ್ಯತ್ಯಾಸ ಬೆಳೆಯುತ್ತಿದ್ದರೆ ತಪ್ಪು ವೇಗದಲ್ಲಿದೆ. ಫೋನ್‌ಗಳು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ತೆಗೆಯುವ ಫ್ರೇಮ್‌ಗಳ ಸಂಖ್ಯೆಯನ್ನು ತಾವೇ ಏರಿಳಿಸುತ್ತವೆ. ಅದನ್ನು ಸ್ಥಿರವಾಗಿ 25ಕ್ಕೆ ಕಟ್ಟುವ ಕ್ಯಾಮೆರಾ ಆ್ಯಪ್ ಬಳಸಿ. ಒಂದು ಫೋನ್ 24ರಲ್ಲಿ ತೆಗೆದು ಎಡಿಟಿಂಗ್‌ನಲ್ಲಿ 25ರಂತೆ ಓಡಿದರೆ 43 ಸೆಕೆಂಡಿನ ವರ್ಸ್ 1.7 ಸೆಕೆಂಡು ಮೊದಲೇ ಮುಗಿಯುತ್ತದೆ. ಬೀಟ್‌ನ ಫೈಲ್ 44.1 ಕಿಲೋಹರ್ಟ್ಸ್‌ನದಾಗಿದ್ದು ಅದನ್ನು 48 ಎಂದು ಓದಿಸಿದರೆ ಸುಮಾರು ಶೇ. 9ರಷ್ಟು ವೇಗ ಹೆಚ್ಚಿ ಶ್ರುತಿಯೂ ಏರುತ್ತದೆ. ಶೂಟಿಂಗ್‌ಗೆ ಮೊದಲೇ ಎಲ್ಲವನ್ನೂ 48ಕ್ಕೆ ತನ್ನಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಬೀದಿದೀಪದ ಕೆಳಗೆ 25 ಫ್ರೇಮಿಗೆ ಶಟರ್ 1/50 ಸೆಕೆಂಡಿಗೆ ಇಟ್ಟರೆ ಮಿನುಗು ಬರುವುದಿಲ್ಲ. ಬ್ಲೂಟೂತ್ ಬೇಡ. ಅದು ತಡವಾಗಿ ನುಡಿಯುತ್ತದೆ, ರೆಕಾರ್ಡರ್‌ಗೆ ತಂತಿಯಿಂದ ಹೋದ ಬೀಟ್‌ಗೂ ಹಾಡುವವರು ಕೇಳಿದ್ದಕ್ಕೂ ತಾಳೆಯಾಗುವುದಿಲ್ಲ.

ತೆಗೆಯುವ ಕ್ರಮ: ಮೊದಲು ಇಡೀ ಸುತ್ತನ್ನು ದೂರದಿಂದ ಒಂದೇ ಉಸಿರಿಗೆ ತೆಗೆಯಿರಿ. ಆಮೇಲೆ ಒಬ್ಬೊಬ್ಬರನ್ನೂ ಅವರ ಪೂರ್ತಿ ವರ್ಸ್‌ಗೆ. ಆಮೇಲೆ ಕೇಳುವವರನ್ನು, ಅದೂ ಇನ್ನೊಬ್ಬರ ಪೂರ್ತಿ ವರ್ಸ್‌ಗೆ. ಈ ಕೊನೆಯದನ್ನೇ ಹೊತ್ತಾಯಿತು ಎಂದು ಬಿಟ್ಟುಬಿಡುತ್ತಾರೆ. ನಿಮ್ಮ ಚಿತ್ರ ಗೆಳೆತನದ್ದಾದರೆ ಅದರ ಜೀವ ಅಲ್ಲಿದೆ: ತಾನೇ ತಿದ್ದಿಕೊಟ್ಟ ಸಾಲನ್ನು ಗೆಳೆಯ ಜನರೆದುರು ಹೇಳುವಾಗ ಇವನ ತುಟಿ ಸದ್ದಿಲ್ಲದೆ ಜೊತೆಗೂಡುತ್ತದೆ. ಹದಿನಾರು ಬಾರ್‌ನಲ್ಲಿ ಆರು ಬಾರ್ ಆ ಮುಖದ ಮೇಲೇ ಇದ್ದರೂ ನಷ್ಟವಿಲ್ಲ. ಪ್ರತಿ ಸ್ನೇರ್ ಡ್ರಮ್ಮಿನ ಹೊಡೆತಕ್ಕೂ ಕಟ್ ಮಾಡಿದರೆ ಜಾಹೀರಾತಿನ ಹಾಗಾಗುತ್ತದೆ. ಪ್ರಾಸಪದ ಬೀಳುವ ಮೊದಲೇ ಕೇಳುವವರ ಕಡೆ ಹೋಗಿ, ಪದ ಅವರ ಮೇಲೆ ಬೀಳಲಿ.

ಪ್ರಶ್ನೆ: ನಟರಿಗೆ ರ‍್ಯಾಪ್ ಕಲಿಸಬೇಕೋ, ರ‍್ಯಾಪರ್‌ಗಳಿಗೆ ನಟನೆ ಕಲಿಸಬೇಕೋ? ಇಂಗ್ಲಿಷ್ ಸಬ್‌ಟೈಟಲ್ ಹೇಗೆ ಮಾಡುವುದು?
(ಠಾಣೆ)

ಉತ್ತರ: ಸಣ್ಣ ಚಿತ್ರಕ್ಕೆ ರ‍್ಯಾಪರ್‌ಗಳನ್ನೇ ತನ್ನಿ, ಸಾಧ್ಯವಾದರೆ ನಿಜವಾಗಿಯೂ ಗೆಳೆಯರಾಗಿರುವ ಇಬ್ಬರನ್ನು. ಬೀಟ್‌ನೊಳಗೆ ಉಸಿರಾಡುವುದನ್ನು ಕಲಿಯಲು ವರ್ಷಗಳೇ ಬೇಕು, ಕ್ಯಾಮೆರಾ ಮುಂದೆ ಸುಮ್ಮನೆ ಇರುವುದನ್ನು ಕೆಲವು ವಾರಗಳ ತಾಲೀಮಿನಲ್ಲಿ ಕಲಿಸಬಹುದು. ಐರಿಷ್ ಭಾಷೆಯಲ್ಲಿ ರ‍್ಯಾಪ್ ಮಾಡುವ ಬೆಲ್‌ಫಾಸ್ಟಿನ ‘ನೀಕ್ಯಾಪ್’ ತಂಡದ ಮೂವರು ಅದೇ ಹೆಸರಿನ 2024ರ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದರು, ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು. ಕಡಿಮೆ ಜನ ಆಡುವ ಭಾಷೆ ಎಂಬುದು ಅಲ್ಲಿ ಅಡ್ಡ ಬರಲಿಲ್ಲ. ತಾಲೀಮಿನಲ್ಲಿ ಸಂಭಾಷಣೆ ಬಾಯಿಪಾಠ ಮಾಡಿಸಬೇಡಿ. ಕೈಗೊಂದು ಕೆಲಸ ಕೊಡಿ: ಕೇಬಲ್ ಸುತ್ತುವುದು, ಬೀಟ್ ಹುಡುಕುವುದು.

ಸಬ್‌ಟೈಟಲ್‌ಗೆ ಸೆಕೆಂಡಿಗೆ 17 ಅಕ್ಷರ ಓದಿಸಬಹುದು ಎಂದುಕೊಳ್ಳಿ. 90ರ ಬೀಟ್‌ನಲ್ಲಿ ಒಂದು ಬಾರ್‌ಗೆ ಸುಮಾರು 45 ಇಂಗ್ಲಿಷ್ ಅಕ್ಷರ, ಅಂದರೆ ಒಂದೇ ಸಾಲು. ಇಡೀ ಅರ್ಥ ಅದರಲ್ಲಿ ಹಿಡಿಯುವುದಿಲ್ಲ. ಕಥೆಗೆ ಬೇಕಾದ ಪದ ಉಳಿಸಿ, ಅಲಂಕಾರ ಬಿಡಿ. ಪ್ರತಿ ಬಾರ್‌ನ ಮೊದಲ ಹೊಡೆತಕ್ಕೆ ಸಾಲು ಬದಲಾಗಲಿ. ಪಂಚ್‌ಲೈನ್ ಬಾಯಿಂದ ಬರುವ ಮೊದಲೇ ತೆರೆಯ ಮೇಲೆ ಬಂದರೆ ಸತ್ತಿತು, ಅದಕ್ಕೆ ಪ್ರತ್ಯೇಕ ಸಾಲು ಕೊಡಿ.

ಪ್ರಶ್ನೆ: ‘ಫ್ರೀ’ ಎಂದು ಬರೆದಿದ್ದ ಬೀಟನ್ನು ಯೂಟ್ಯೂಬಿನಿಂದ ಇಳಿಸಿ ಚಿತ್ರ ಮುಗಿಸಿದ್ದೇವೆ. ಹುಕ್‌ನಲ್ಲಿ ಹಳೆಯ ಕನ್ನಡ ಚಿತ್ರಗೀತೆಯ ಏಳು ಸೆಕೆಂಡಿನ ತುಣುಕಿದೆ. ಚಿತ್ರೋತ್ಸವಕ್ಕೆ ಕಳಿಸಬಹುದೇ?
(ವಾಸ್ಕೊ)

ಉತ್ತರ: ಈಗಲೇ ಕಳಿಸಬೇಡಿ. ಅಲ್ಲಿನ ‘ಫ್ರೀ’ ಸಾಮಾನ್ಯವಾಗಿ ಲಾಭವಿಲ್ಲದ ಬಳಕೆಗೆ ಮಾತ್ರ, ಸಿನಿಮಾದ ದೃಶ್ಯಕ್ಕೆ ಜೋಡಿಸುವ ಹಕ್ಕು ಅದರಲ್ಲಿ ಇರುವುದು ಅಪರೂಪ. ಬೀಟ್ ಮಾಡಿದವರಿಗೆ ಬರೆದು, ಸಿನಿಮಾ, ಚಿತ್ರೋತ್ಸವ, ಇಂಟರ್‌ನೆಟ್ ಮೂರನ್ನೂ ಹೆಸರಿಸಿದ ಪರವಾನಗಿ ಕೊಳ್ಳಿ. ಪ್ರತಿ ವಾದ್ಯದ ಬೇರೆ ಬೇರೆ ಟ್ರ್ಯಾಕ್‌ಗಳನ್ನೂ ಕೇಳಿ ಪಡೆಯಿರಿ, ಸಂಭಾಷಣೆಯ ಕೆಳಗೆ ಡ್ರಮ್ ತಗ್ಗಿಸಲು ಅವು ಬೇಕು.

ಏಳೆಂಟು ಸೆಕೆಂಡು ಬಳಸಿದರೆ ತಪ್ಪಿಲ್ಲ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಹಳೆಯ ಹಾಡಿನಲ್ಲಿ ಎರಡು ಹಕ್ಕುಗಳಿವೆ: ಸಾಹಿತ್ಯ–ಸಂಗೀತದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ, ಸಾಹಿತ್ಯ–ಸಂಗೀತಕ್ಕೆ ಕರ್ತೃವಿನ ನಿಧನದ ನಂತರ 60 ವರ್ಷ ರಕ್ಷಣೆಯಿದೆ. ಎರಡೂ ಕಡೆ ಅನುಮತಿ ಪಡೆಯುವುದು ನಿಮ್ಮ ಕೈಗೆ ಮೀರಿದ್ದಾದರೆ ಆ ತುಣುಕು ತೆಗೆದು, ಹೊಸ ರಾಗ ಕಟ್ಟಿ ಹಾಡಿಸಿ.

ಬೀಟ್ ನಿಮ್ಮ ಗೆಳೆಯನದೇ ಆದರೂ ಕಾಗದ ಬೇಕು. ಕೃತಿಸ್ವಾಮ್ಯ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಹೊರದೇಶದ ಚಿತ್ರೋತ್ಸವದ ಆಸೆಯಿದ್ದರೆ ‘ವಿಶ್ವದಾದ್ಯಂತ’ ಎಂದು ಬರೆಯಲೇಬೇಕು. 2012ರ ತಿದ್ದುಪಡಿಯಂತೆ ಸಾಲು ಬರೆದವರು ಮತ್ತು ಸಂಗೀತ ಕಟ್ಟಿದವರು, ಚಿತ್ರಮಂದಿರದ ಪ್ರದರ್ಶನದ ಹೊರಗಿನ ಬಳಕೆಗೆ ಬರುವ ರಾಯಧನದ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಗೆಳೆಯರಿಬ್ಬರ ಪಾಲು ಎಷ್ಟೆಷ್ಟು ಎಂಬುದನ್ನು ಹಾಡು ಮುಗಿದ ದಿನವೇ ಬರೆದುಕೊಳ್ಳಿ. ಹಣ ಬಂದ ಮೇಲೆ ಆ ಮಾತು ಎತ್ತುವುದು ಇಬ್ಬರಿಗೂ ಕಷ್ಟ.

ಪ್ರಶ್ನೆ: ಸೆನ್ಸಾರ್ ಬೇಕೇ? ಬೈಗುಳ ಇಟ್ಟುಕೊಳ್ಳಬಹುದೇ? ಲೋಕಲ್ ರೈಲಿನಲ್ಲಿ ಕದ್ದು ಶೂಟ್ ಮಾಡಿದರೆ ಏನಾಗುತ್ತದೆ?
(ಅಂಧೇರಿ)

ಉತ್ತರ: ಚಿತ್ರಮಂದಿರದಲ್ಲಿ ಸಾರ್ವಜನಿಕವಾಗಿ ತೋರಿಸಲು ಪ್ರಮಾಣಪತ್ರ ಬೇಕು, ಯೂಟ್ಯೂಬಿಗೆ ಬೇಡ. 2023ರ ತಿದ್ದುಪಡಿಯ ನಂತರ ಮಕ್ಕಳಿಗೆ ಹಿರಿಯರ ಮಾರ್ಗದರ್ಶನ ಬೇಕೆನ್ನುವ ಯುಎ ವರ್ಗದಲ್ಲಿ 7+, 13+, 16+ ಎಂಬ ಮೂರು ಹಂತಗಳಿವೆ. ಬೈಗುಳ ಪಾತ್ರಕ್ಕೆ ಬೇಕಿದ್ದರೆ ಇಡಿ, ಆದರೆ ಅದೇ ದಿನ, ಅದೇ ಮೈಕಿನಲ್ಲಿ, ಅಷ್ಟೇ ಮಾತ್ರೆಯ ಬದಲಿ ಪದ ಹಾಕಿ ಆ ಸಾಲನ್ನು ಇನ್ನೊಮ್ಮೆ ಮುದ್ರಿಸಿಡಿ. ಆಮೇಲೆ ಸದ್ದು ಅಳಿಸಿದರೆ ಸಾಲಿನ ಹರಿವಿನಲ್ಲಿ ತೂತು ಬೀಳುತ್ತದೆ.

ರೈಲು, ಪ್ಲಾಟ್‌ಫಾರ್ಮ್, ಸೇತುವೆ ಎಲ್ಲವೂ ರೈಲ್ವೆಯ ಆಸ್ತಿ. ದಾದರ್‌ನಂಥ ಕಡೆ ಎರಡು ರೈಲ್ವೆಗಳೂ ಇವೆ, ಯಾವ ಪ್ಲಾಟ್‌ಫಾರ್ಮ್ ಎಂಬುದರ ಮೇಲೆ ಮಧ್ಯ ರೈಲ್ವೆಯೋ ಪಶ್ಚಿಮ ರೈಲ್ವೆಯೋ ಎಂದು ತಿಳಿದು ಅವರ ಅನುಮತಿ ಕೇಳಬೇಕು. ಕದ್ದು ತೆಗೆದರೆ ಪೊಲೀಸರು ಸಲಕರಣೆ ಹಿಡಿದಿಡುವ ಅಪಾಯವಿದೆ, ಮುಂದೆ ಚಿತ್ರ ಕೊಳ್ಳಲು ಬಂದವರು ಅನುಮತಿಪತ್ರ ಕೇಳಿದಾಗ ಕೊಡಲು ಏನೂ ಇರುವುದಿಲ್ಲ. ಬೇರೆ ತಾಣಗಳಿಗೆ ಗೋರೆಗಾಂವ್ ಚಿತ್ರನಗರಿಯಲ್ಲಿರುವ ಮಹಾರಾಷ್ಟ್ರ ಚಿತ್ರಪಟ ನಿಗಮದ ಏಕಗವಾಕ್ಷಿ ವ್ಯವಸ್ಥೆಯಿದೆ, ಗೋವಾದಲ್ಲಿ ಎಂಟರ್‌ಟೈನ್‌ಮೆಂಟ್ ಸೊಸೈಟಿ ಆಫ್ ಗೋವಾ ನೋಡಿಕೊಳ್ಳುತ್ತದೆ. ರೈಲಿಗೆ ಹಣ ಸಾಲದಿದ್ದರೆ ಅದರ ಸದ್ದನ್ನು ಮಾತ್ರ ಬಳಸಿ: ಖೋಲಿಯ ಕಿಟಕಿ, ಹೊರಗಿನಿಂದ ಲೋಕಲ್ ಹಾದುಹೋಗುವ ಸದ್ದು, ಅದು ಮುಗಿಯುವವರೆಗೆ ಟೇಕ್ ನಿಲ್ಲಿಸಿ ಕಾಯುವ ಇಬ್ಬರು. ಆ ಸದ್ದು 90ರ ಬೀಟ್‌ನಲ್ಲಿ ಎಂಟು ಬಾರ್, ಅಂದರೆ 21 ಸೆಕೆಂಡು ಇರಲಿ. ಆಮೇಲೆ ಸಂಕಲನದಲ್ಲಿ ಬೀಟ್‌ಗೆ ಕೂಡಿಸುವುದು ಸುಲಭ.